ಕೋನ್ ಫಿಲ್ಟರ್ ತೊಳೆಯುವ ಮುಂಚೆ ಪೈಪಿನೊಳಗೆ ಬಟ್ಟೆ ಆಡಿಸಿ

ಗಾಡಿಯ ಏರ್ ಫಿಲ್ಟರ್ ಬಿಚ್ಚಿದ ಕೂಡಲೇ ನಾನು ಫಿಲ್ಟರ್ ನೋಡುವುದಿಲ್ಲ. ಅದನ್ನು ಪಕ್ಕಕ್ಕಿಟ್ಟು, ಒಂದು ತುಂಡು ಬಿಳಿ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು, ಫಿಲ್ಟರ್ ಕೂತಿದ್ದ ಪೈಪಿನ ಒಳಗೆ ಒಂದು ಸುತ್ತು ಒರೆಸುತ್ತೇನೆ. ಬಟ್ಟೆ ಬೆಳ್ಳಗೇ ಹೊರಗೆ ಬಂದರೆ ಸರಿ. ಕಂದು ಪುಡಿ ಮೆತ್ತಿಕೊಂಡು ಬಂದರೆ ಅವತ್ತಿನ ಕೆಲಸವೇ ಬೇರೆ. ತೊಳೆಯುವುದು ಆಮೇಲಿನ ಮಾತು. ಧೂಳು ಎಲ್ಲಿಂದ ನುಸುಳಿತು ಅಂತ ಮೊದಲು ಹುಡುಕಬೇಕು.

ಈ ಅಭ್ಯಾಸ ನನಗೆ ಸುಮ್ನೆ ಬಂದದ್ದಲ್ಲ. ನಾನು ಕೊಂಡ ಸೆಕೆಂಡ್ ಹ್ಯಾಂಡ್ ಕಾರಿಗೆ ಹಿಂದಿನವರು ಫಿಲ್ಟರ್ ಕೂರುವ ಕಂಪನಿಯ ಏರ್ ಬಾಕ್ಸ್ ತೆಗೆಸಿ, ಅಲ್ಯೂಮಿನಿಯಂ ಪೈಪಿನ ತುದಿಗೆ ಶಂಕುವಿನ ಆಕಾರದ ಕೆಂಪು ಕೋನ್ ಫಿಲ್ಟರ್ ಹಾಕಿಸಿದ್ದರು. ಬಾನೆಟ್ ಎತ್ತಿದರೆ ಕಣ್ಣಿಗೆ ಹಬ್ಬ. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಗಾಳಿ ಎಳೆದುಕೊಳ್ಳುವ ಸದ್ದು ನೇರವಾಗಿ ಕಿವಿಗೆ ಬೀಳುತ್ತಿತ್ತು. ಆ ಫಿಲ್ಟರ್ ಮೇಲೆ ನನಗೆ ಎಷ್ಟು ಪ್ರೀತಿ ಅಂದರೆ, ಎರಡು ತಿಂಗಳಿಗೊಮ್ಮೆ ಬಿಚ್ಚಿ ತೊಳೆದು ಎಣ್ಣೆ ಹಾಕಿ ಕೂರಿಸುತ್ತಿದ್ದೆ. ಒಂದೂವರೆ ವರ್ಷ ಹೀಗೇ ನಡೆಯಿತು. ಒಂದು ದಿನ ಎಂಜಿನ್ನಿಗೆ ಹೋಗುವ ಗಾಳಿಯನ್ನು ಹೆಚ್ಚುಕಮ್ಮಿ ಮಾಡುವ ಥ್ರಾಟಲ್ ಬಾಡಿ ಕ್ಲೀನ್ ಮಾಡೋಣ ಅಂತ ಪೈಪನ್ನು ಪೂರ್ತಿ ಬಿಚ್ಚಿದೆ. ಪೈಪಿನ ಒಳಮೈಯಲ್ಲಿ, ಫಿಲ್ಟರಿನ ಕತ್ತು ಕೂರುವ ಜಾಗದಿಂದ ಶುರುವಾಗಿ, ಒಂದು ಬೆರಳಗಲದ ಕಂದು ಪಟ್ಟೆ. ಉಗುರಲ್ಲಿ ಕೆರೆದರೆ ನುಣ್ಣನೆಯ ಮಣ್ಣು. ಎರಡು ಬೆರಳ ನಡುವೆ ತಿಕ್ಕಿದರೆ ಕರಕರ ಅಂತು. ಹೊರಗೆ ಫಿಲ್ಟರ್ ಫಳಫಳ, ಒಳಗೆ ಎಂಜಿನ್ನಿಗೆ ಮಣ್ಣು.

ಕಾರಣ ಹುಡುಕಿದೆ. ಕ್ಲಾಂಪ್, ಅಂದರೆ ಸ್ಕ್ರೂ ಹಾಕಿ ಬಿಗಿಯುವ ಪಟ್ಟಿ, ಕೂರುವ ರಬ್ಬರ್ ಕತ್ತಿನ ಒಂದು ಕಡೆ ಸಣ್ಣ ಮಡಿಕೆ ಬಿದ್ದಿತ್ತು. ಪದೇ ಪದೇ ಬಿಚ್ಚಿ, ಅವಸರದಲ್ಲಿ ಓರೆಯಾಗಿ ಕೂರಿಸಿ, ಕ್ಲಾಂಪ್ ಬಿಗಿದೂ ಬಿಗಿದೂ ನಾನೇ ಮಾಡಿದ ಮಡಿಕೆ ಅದು. ಫಿಲ್ಟರ್ ಎಷ್ಟೇ ಒಳ್ಳೆಯದಿರಲಿ, ಅದರ ಪಕ್ಕದಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೆ ಗಾಳಿ ಆ ಸಂದಿಯಲ್ಲೂ ನುಗ್ಗುತ್ತದೆ. ಅಲ್ಲಿ ಧೂಳನ್ನು ತಡೆಯುವವರು ಯಾರೂ ಇಲ್ಲ.

ಎಷ್ಟು ಗಾಳಿಯ ಮಾತು ಇದು ಅಂತ ಲೆಕ್ಕ ಹಾಕಿದರೆ ವಿಷಯದ ತೂಕ ಗೊತ್ತಾಗುತ್ತದೆ. ಪೆಟ್ರೋಲ್ ಸರಿಯಾಗಿ ಸುಡಲು ತೂಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕು. ಅಂದರೆ 1 ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ. ಒಂದು ಟ್ಯಾಂಕ್ ಖಾಲಿಯಾಗುವಷ್ಟರಲ್ಲಿ ಎಷ್ಟು ಗಾಳಿ ಆ ಫಿಲ್ಟರ್ ಮೂಲಕ ಹೋಗಿರುತ್ತದೆ ನೋಡಿ. ರಸ್ತೆಯ ಧೂಳಿನಲ್ಲಿ ಸಿಲಿಕಾ, ಅಂದರೆ ಮರಳಿನ ಕಣ, ಇದ್ದೇ ಇರುತ್ತದೆ. ಅದು ಸಿಲಿಂಡರಿನ ಎರಕದ ಕಬ್ಬಿಣಕ್ಕಿಂತ ಗಟ್ಟಿ. ಪಿಸ್ಟನ್ ರಿಂಗಿಗೂ ಸಿಲಿಂಡರ್ ಗೋಡೆಗೂ ನಡುವೆ ಇರುವ ಎಣ್ಣೆಯ ಪದರ ತೀರಾ ತೆಳು. ಕಣ್ಣಿಗೆ ಕಾಣದ 10-20 ಮೈಕ್ರಾನಿನ ಕಣ ಅಲ್ಲಿ ಸಿಕ್ಕಿಕೊಂಡರೆ ಉಜ್ಜುಕಾಗದದ ಕೆಲಸ ಮಾಡುತ್ತದೆ. ಟರ್ಬೊ, ಅಂದರೆ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಯಂತ್ರ, ಇರುವ ಗಾಡಿಯಾದರೆ ಅದಕ್ಕೂ ಮೊದಲೇ ಕಂಪ್ರೆಸರ್ ಚಕ್ರದ ಎಲೆಗಳ ಅಂಚು ಸವೆಯುತ್ತದೆ.

ಹಾಗಾಗಿ ನಾನು ಈಗ ಮಾಡುವ ಕ್ರಮ ಬೇರೆ. ಕಮ್ಮಿ ಸಲ ತೊಳೆಯುತ್ತೇನೆ, ತೊಳೆದಾಗ ಜಾಸ್ತಿ ಹೊತ್ತು ನೋಡುತ್ತೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಿಮ್ಮದು ಯಾವ ಜಾತಿಯ ಫಿಲ್ಟರ್?

ಇದು ಗೊತ್ತಿಲ್ಲದೆ ನೀರು ಮುಟ್ಟಿಸಬೇಡಿ. ಹೊರಗಡೆ ಸಿಗುವ ಫಿಲ್ಟರುಗಳಲ್ಲಿ ಮೂರು ಜಾತಿ. ಎಣ್ಣೆ ಹಾಕುವ ಹತ್ತಿಯದ್ದು, ಎಣ್ಣೆ ಹಾಕಬಾರದ ಒಣ ಸಿಂಥೆಟಿಕ್, ಮತ್ತು ಸ್ಪಂಜಿನಂಥ ಫೋಮ್. ಹತ್ತಿಯದ್ದನ್ನು ಬೆಳಕಿಗೆ ಹಿಡಿದು ನೋಡಿದರೆ ಎರಡು ಬದಿಯ ತಂತಿ ಜಾಲರಿಯ ನಡುವೆ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ಹಾಗೆ ನೇಯ್ಗೆ ಕಾಣುತ್ತದೆ, ಹಲವು ಪದರ. ಎಣ್ಣೆಗೆ ಕೆಂಪು ಅಥವಾ ನೀಲಿ ಬಣ್ಣ ಬೆರೆಸಿರುತ್ತಾರೆ, ಅದರಿಂದಲೂ ಗುರುತು ಹಿಡಿಯಬಹುದು. ಒಣ ಸಿಂಥೆಟಿಕ್ ಸಾಮಾನ್ಯವಾಗಿ ಬೂದು ಅಥವಾ ಬಿಳಿ, ಮುಟ್ಟಿದರೆ ಒತ್ತಾದ ಬಟ್ಟೆಯ ಹಾಗೆ, ಬೆರಳಿಗೆ ಏನೂ ಅಂಟುವುದಿಲ್ಲ. ಬಣ್ಣವನ್ನೇ ನಂಬಬೇಡಿ, ಕೆಂಪು ಬಣ್ಣದ ಒಣ ಫಿಲ್ಟರುಗಳೂ ಇವೆ. ಕತ್ತಿನ ರಬ್ಬರ್ ಮೇಲೆ ಅಥವಾ ತಲೆಯ ಮುಚ್ಚಳದ ಮೇಲೆ ಹೆಸರು, ನಂಬರ್ ಅಚ್ಚಾಗಿರುತ್ತದೆ. ಅದನ್ನು ಓದಿ ಖಾತ್ರಿ ಮಾಡಿಕೊಳ್ಳಿ.

ಒಣ ಫಿಲ್ಟರಿಗೆ ಎಣ್ಣೆ ಹಾಕಿದರೆ ಅದರ ಕಥೆ ಮುಗಿದ ಹಾಗೆ, ನಾರಿನ ನಡುವಿನ ಸಂದಿ ಮುಚ್ಚಿಹೋಗುತ್ತದೆ. ಹತ್ತಿಯದ್ದಕ್ಕೆ ಎಣ್ಣೆ ಹಾಕದೆ ಬಿಟ್ಟರೆ ಇನ್ನೂ ಕೆಟ್ಟದ್ದು, ಸಣ್ಣ ಧೂಳು ಸೀದಾ ಒಳಗೆ. ಇನ್ನು ಕಂಪನಿಯ ಮಾಮೂಲಿ ಕಾಗದದ ಫಿಲ್ಟರನ್ನು ತೊಳೆಯುವ ಯೋಚನೆಯೇ ಬೇಡ. ಅದನ್ನು ಬದಲಾಯಿಸಬೇಕು, ಅಷ್ಟೇ.

ಯಾವಾಗ ಕೈ ಹಾಕಬೇಕು

ಫಿಲ್ಟರ್ ಸ್ವಲ್ಪ ಕೊಳೆಯಾದ ಕೂಡಲೇ ತೊಳೆಯಬೇಕು ಅಂತ ನನಗೂ ಅನಿಸುತ್ತಿತ್ತು. ಅದು ತಪ್ಪು. ಸ್ವಲ್ಪ ಧೂಳು ಹಿಡಿದ ಫಿಲ್ಟರ್ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ, ಯಾಕೆಂದರೆ ಮೊದಲೇ ಅಂಟಿದ ಕಣಗಳು ಮುಂದೆ ಬರುವ ಕಣಗಳನ್ನು ತಡೆಯುತ್ತವೆ. ಗಾಳಿ ಹರಿಯಲು ತಡೆಯಾಗುವಷ್ಟು ಕೊಳೆ ಕೂತಾಗ ಮಾತ್ರ ತೊಳೆಯಬೇಕು. ಹತ್ತಿಯ ಫಿಲ್ಟರಿಗೆ ಸುಲಭದ ಪರೀಕ್ಷೆ ಇದೆ. ಹೊರಗಿನ ತಂತಿ ಜಾಲರಿ ಕಣ್ಣಿಗೆ ಕಾಣುತ್ತಿದೆಯಾ ನೋಡಿ. ಜಾಲರಿಯ ಚೌಕಗಳು ಎಲ್ಲ ಕಡೆ ಬಿಡಿಬಿಡಿಯಾಗಿ ಕಾಣುತ್ತಿದ್ದರೆ ಇನ್ನೂ ಟೈಮ್ ಇದೆ. ತಂತಿ ಕೊಳೆಯಲ್ಲಿ ಹೂತುಹೋಗಿ ಕಾಣದೇ ಹೋದರೆ ತೊಳೆಯುವ ಹೊತ್ತು. ಕೆ ಅಂಡ್ ಎನ್ ನಂಥ ತಯಾರಕರು ಮಾಮೂಲಿ ರಸ್ತೆಯ ಓಡಾಟಕ್ಕೆ 80,000 ಕಿಲೋಮೀಟರ್ ತನಕವೂ ಅವಧಿ ಹೇಳುತ್ತಾರೆ. ಮಣ್ಣು ರಸ್ತೆಯಲ್ಲಿ ಓಡುವ ಗಾಡಿಗೆ ಆ ಅಂಕಿ ಹೊಂದುವುದಿಲ್ಲ. ನಾನು 5,000 ಕಿಲೋಮೀಟರಿಗೊಮ್ಮೆ ಟಾರ್ಚ್ ಹಿಡಿದು ಬಿಚ್ಚದೆ ನೋಡುತ್ತೇನೆ. ತೊಳೆಯುವುದು ಮಾತ್ರ ಜಾಲರಿ ಮುಚ್ಚಿದಾಗ.

ಮೈಲೇಜ್ ಬಿದ್ದರೆ ಫಿಲ್ಟರ್ ಕಟ್ಟಿದೆ ಅಂತ ಅಂದುಕೊಳ್ಳುವವರು ಬಹಳ. ಕಾರ್ಬ್ಯುರೇಟರ್ ಕಾಲದಲ್ಲಿ ಅದು ನಿಜ. ಈಗಿನ ಇಂಜೆಕ್ಷನ್ ಗಾಡಿಯಲ್ಲಿ ಕಂಪ್ಯೂಟರ್ ಬಂದ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಕೊಡುತ್ತದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಇದನ್ನು ಪರೀಕ್ಷಿಸಿ ನೋಡಿತು. ಕಟ್ಟಿದ ಫಿಲ್ಟರಿನಿಂದ ಇಂಜೆಕ್ಷನ್ ಗಾಡಿಗಳ ಮೈಲೇಜಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಪಿಕಪ್ ಮಾತ್ರ ಇಳಿದಿತ್ತು. ನನ್ನ ಅನುಭವವೂ ಅದೇ. ಓವರ್‌ಟೇಕ್ ಮಾಡುವಾಗ ಗಾಡಿ ಏದುಸಿರು ಬಿಟ್ಟ ಹಾಗೆ ಅನಿಸಿದರೆ ಫಿಲ್ಟರ್ ನೋಡಿ. ಮೈಲೇಜ್ ಬಿದ್ದರೆ ಮೊದಲು ಟಯರಿನ ಗಾಳಿ ನೋಡಿ.

ಬಿಚ್ಚುವುದು

ಎಂಜಿನ್ ತಣ್ಣಗಾಗಿರಬೇಕು. ಸಂಜೆ ಗಾಡಿ ನಿಲ್ಲಿಸಿ ಬೆಳಗ್ಗೆ ಕೆಲಸ ಶುರು ಮಾಡುವುದು ಒಳ್ಳೆಯದು, ಫಿಲ್ಟರ್ ಒಣಗಲು ಹೇಗೂ ಪೂರ್ತಿ ದಿನ ಬೇಕು. ಅವತ್ತು ಗಾಡಿ ಎಲ್ಲಿಗೂ ತೆಗೆಯುವ ಹಾಗಿರಬಾರದು. ತೆಗೆಯಲೇಬೇಕು ಅಂದರೆ ತೊಳೆಯುವುದನ್ನೇ ಮುಂದಕ್ಕೆ ಹಾಕಿ. ಒದ್ದೆ ಫಿಲ್ಟರ್ ಹಾಕಿ ಓಡಿಸಬಾರದು. ಫಿಲ್ಟರ್ ಇಲ್ಲದೆ ಅಂತೂ ಎಂಜಿನ್ ಸ್ಟಾರ್ಟ್ ಕೂಡ ಮಾಡಬಾರದು.

ಬಿಚ್ಚುವ ಮುಂಚೆ ಒಂದು ಕೆಲಸ. ಫಿಲ್ಟರಿನ ಕತ್ತಿನ ಸುತ್ತ ಕೂತಿರುವ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಇಲ್ಲದಿದ್ದರೆ ಕತ್ತು ಸಡಿಲಿಸಿದಾಗ ಆ ಮಣ್ಣೆಲ್ಲ ಪೈಪಿನೊಳಗೇ ಉದುರುತ್ತದೆ. ಆಮೇಲೆ ಕ್ಲಾಂಪಿನ ಸ್ಕ್ರೂ ಸಡಿಲಿಸಿ. ಸ್ಕ್ರೂಡ್ರೈವರಿಗಿಂತ ಸಣ್ಣ ಬಾಕ್ಸ್ ಸ್ಪ್ಯಾನರ್ ಒಳ್ಳೆಯದು, ಜಾರಿ ಪಕ್ಕದ ವೈರಿಗೋ ರೇಡಿಯೇಟರಿಗೋ ತಾಗುವುದಿಲ್ಲ. ಕ್ಲಾಂಪನ್ನು ಪೂರ್ತಿ ಬಿಚ್ಚಬೇಕಿಲ್ಲ, ಹಿಂದಕ್ಕೆ ಸರಿದರೆ ಸಾಕು. ಫಿಲ್ಟರಿನ ನೆರಿಗೆ ಹಿಡಿದು ಎಳೆಯಬೇಡಿ. ಕತ್ತಿನ ರಬ್ಬರನ್ನೇ ಎರಡು ಕೈಯಲ್ಲಿ ಹಿಡಿದು, ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಹೊರಗೆ ತೆಗೆಯಿರಿ. ಬಂದ ಕೂಡಲೇ ಪೈಪಿನ ಬಾಯಿಗೆ ಶುಭ್ರವಾದ ಬಟ್ಟೆ ಕಟ್ಟಿ. ತುರುಕುವುದಲ್ಲ, ಹೊರಗಿನಿಂದ ಮುಚ್ಚಿ ರಬ್ಬರ್ ಬ್ಯಾಂಡ್ ಹಾಕುವುದು. ತುರುಕಿದ ಬಟ್ಟೆ ಒಳಗೇ ಮರೆತುಹೋಗಬಹುದು, ಅದಕ್ಕೇ ಹೇಳಿದೆ.

ಬಟ್ಟೆ ಕಟ್ಟುವ ಮುಂಚೆಯೇ ಬಿಳಿ ಬಟ್ಟೆಯ ಪರೀಕ್ಷೆ ಮುಗಿಸಿ. ಇದನ್ನು ಸಾವಧಾನವಾಗಿ ಮಾಡಿ. ಬೆರಳು ಎಟುಕುವಷ್ಟು ಒಳಗೆ ಒರೆಸಿ, ಬಟ್ಟೆಯನ್ನು ಹೊರಗಿನ ಬೆಳಕಿಗೆ ತಂದು ನೋಡಿ. ತೆಳ್ಳಗೆ ಎಣ್ಣೆಯ ಜಿಡ್ಡು ಮಾತ್ರ ಇದ್ದರೆ ಗಾಬರಿ ಬೇಡ. ಎಂಜಿನ್ ಒಳಗಿನ ಆವಿಯನ್ನು ಈ ಪೈಪಿಗೆ ತರುವ ಬ್ರೀದರ್ ಪೈಪಿನಿಂದಲೂ ಸ್ವಲ್ಪ ಜಿಡ್ಡು ಬರುತ್ತದೆ. ಆದರೆ ಬೆರಳಿಗೆ ಕರಕರ ಅನ್ನುವ ಪುಡಿ ಇದ್ದರೆ ಅದು ಧೂಳೇ. ಆಗ ಟಾರ್ಚ್ ಬಿಟ್ಟು ನೋಡಿ, ಪಟ್ಟೆ ಎಲ್ಲಿಂದ ಶುರುವಾಗುತ್ತದೆ ಅಂತ. ಕತ್ತಿನ ಒಂದೇ ಕಡೆಯಿಂದ ಶುರುವಾದರೆ ಅಲ್ಲಿ ರಬ್ಬರ್ ಸರಿಯಾಗಿ ಕೂತಿಲ್ಲ. ಪೈಪಿನ ನಡುವಿನ ಸಿಲಿಕಾನ್ ಜಾಯಿಂಟ್‌ನಿಂದ ಶುರುವಾದರೆ ಅಲ್ಲಿನ ಕ್ಲಾಂಪ್ ಸಡಿಲ, ಇಲ್ಲವೇ ಜಾಯಿಂಟ್ ಸೀಳಿದೆ. ಸುತ್ತಲೂ ಒಂದೇ ಸಮನಾಗಿ ತೆಳ್ಳಗೆ ಧೂಳು ಹರಡಿದ್ದರೆ ಫಿಲ್ಟರೇ ಸೋಸುತ್ತಿಲ್ಲ. ಎಣ್ಣೆ ಆರಿಹೋಗಿದೆ ಅಥವಾ ಫಿಲ್ಟರಿನ ಹತ್ತಿ ಹಳತಾಗಿದೆ. ಧೂಳಿನ ಆಕಾರವೇ ದಾರಿ ತೋರಿಸುತ್ತದೆ. ಅದನ್ನು ಓದುವ ಮುಂಚೆ ಒರೆಸಿಬಿಡಬೇಡಿ, ಫೋನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಆಮೇಲೆ ಫಿಲ್ಟರ್. ಕತ್ತಿನ ರಬ್ಬರನ್ನು ಹೊರಕ್ಕೆ ಮಡಚಿ ಬಿರುಕು ನೋಡಿ. ಎಂಜಿನ್ ಕಾವಿಗೆ ರಬ್ಬರ್ ವರ್ಷಗಳು ಕಳೆದ ಹಾಗೆ ಗಟ್ಟಿಯಾಗುತ್ತದೆ. ಉಗುರು ಒತ್ತಿದರೆ ಗುರುತು ಬಿದ್ದು ಮತ್ತೆ ಸರಿಯಾಗಬೇಕು, ಕಲ್ಲಿನ ಹಾಗಿರಬಾರದು. ನೆರಿಗೆಗಳು ರಬ್ಬರಿಗೆ ಸೇರುವ ಅಂಚಿನಲ್ಲಿ ಬೆರಳಾಡಿಸಿ, ಎಲ್ಲೂ ಬಿಟ್ಟುಕೊಂಡಿರಬಾರದು. ಜಾಲರಿ ತಂತಿ ತುಂಡಾಗಿ ಒಳಗೆ ಚಾಚಿಕೊಂಡಿದ್ದರೆ ಆ ಫಿಲ್ಟರ್ ಬೇಡವೇ ಬೇಡ, ತಂತಿ ಚೂರು ಎಂಜಿನ್ನಿಗೆ ಹೋದರೆ ಕೆಲಸ ಕೆಟ್ಟಿತು. ಈ ಮೂರರಲ್ಲಿ ಒಂದು ಕಂಡರೂ ತೊಳೆಯುವ ಶ್ರಮ ದಂಡ. ಸೀದಾ ಹೊಸ ಫಿಲ್ಟರಿನ ಮಾತಿಗೆ ಹೋಗಿ, ಕೊನೆಯಲ್ಲಿ ಬರೆದಿದ್ದೇನೆ.

ತೊಳೆಯುವುದು, ಒಣಗಿಸುವುದು

ಹತ್ತಿಯ ಫಿಲ್ಟರಿಗೆ ಅದರದ್ದೇ ಕ್ಲೀನರ್ ಸಿಗುತ್ತದೆ, ಎಣ್ಣೆಯ ಜೊತೆ ಕಿಟ್ ಆಗಿಯೇ ಮಾರುತ್ತಾರೆ. ಅದನ್ನೇ ಬಳಸಿ. ಪೆಟ್ರೋಲ್, ಡೀಸೆಲ್, ಥಿನ್ನರ್, ಬ್ರೇಕ್ ಕ್ಲೀನರ್ ಯಾವುದೂ ಬೇಡ. ರಬ್ಬರನ್ನೂ ನೆರಿಗೆ ಹಿಡಿದಿರುವ ಅಂಟನ್ನೂ ಅವು ತಿಂದುಹಾಕುತ್ತವೆ. ಕಾಸ್ಟಿಕ್ ಸೋಡಾ, ಬ್ಲೀಚ್ ಕೂಡ ಬೇಡ, ಅಲ್ಯೂಮಿನಿಯಂ ಜಾಲರಿ ಕೆಡುತ್ತದೆ.

ಮೊದಲು ಫಿಲ್ಟರನ್ನು ಅಂಗೈಗೆ ಮೆಲ್ಲಗೆ ತಟ್ಟಿ ಸಡಿಲ ಮಣ್ಣು ಉದುರಿಸಿ. ನೆಲಕ್ಕೆ ಕುಟ್ಟಬೇಡಿ. ಕ್ಲೀನರನ್ನು ಹೊರಮೈಗೂ ಒಳಮೈಗೂ ಧಾರಾಳವಾಗಿ ಸಿಂಪಡಿಸಿ 10 ನಿಮಿಷ ಬಿಡಿ. ಬಿಸಿಲಲ್ಲಿ ಇಡಬೇಡಿ, ಕ್ಲೀನರ್ ಫಿಲ್ಟರ್ ಮೇಲೆಯೇ ಒಣಗಿಬಿಟ್ಟರೆ ಕಷ್ಟ. ಸ್ವಲ್ಪ ಹೊತ್ತಿಗೆ ನೆರಿಗೆಗಳ ತುದಿಯಿಂದ ಕೆಂಪು ಕಪ್ಪು ಬೆರೆತ ನೀರು ಇಳಿಯಲು ಶುರುವಾಗುತ್ತದೆ. ಬ್ರಷ್ ಹಾಕಿ ಉಜ್ಜಬೇಕು ಅಂತ ಕೈ ತುರಿಸುತ್ತದೆ, ಉಜ್ಜಬೇಡಿ. ಹತ್ತಿಯ ಎಳೆ ಸರಿದು ನೇಯ್ಗೆಯ ಕಣ್ಣು ದೊಡ್ಡದಾಗುತ್ತದೆ.

ಆಮೇಲೆ ನೀರು. ತಣ್ಣೀರು, ನಲ್ಲಿಯ ಸಣ್ಣ ಧಾರೆ. ಇಲ್ಲಿ ದಿಕ್ಕು ಮುಖ್ಯ. ಒಳಗಿನಿಂದ ಹೊರಕ್ಕೆ ಹರಿಸಬೇಕು. ಕತ್ತಿನ ಬಾಯಿಗೆ ನೀರು ಬಿಟ್ಟು, ಅದು ನೆರಿಗೆಗಳ ಮೂಲಕ ಹೊರಗೆ ಬರುವ ಹಾಗೆ ತಿರುಗಿಸುತ್ತಾ ತೊಳೆಯಿರಿ. ಧೂಳು ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಹೊರಗಿನಿಂದ ಒಳಗೆ ನೀರು ಬಿಟ್ಟರೆ ಹೊರಗಿನ ಮಣ್ಣನ್ನು ನೀವೇ ಒಳಮೈಗೆ ತಳ್ಳಿದ ಹಾಗೆ. ಪ್ರೆಶರ್ ವಾಶರ್ ಹತ್ತಿರವೂ ತರಬೇಡಿ. ಹರಿಯುವ ನೀರು ತಿಳಿಯಾದರೆ ನಿಲ್ಲಿಸಿ. ಇಲ್ಲವಾದರೆ ಕ್ಲೀನರ್ ಇನ್ನೊಂದು ಸಲ. ಫಿಲ್ಟರಿಗೆ ಕಲೆ ಉಳಿಯಬಹುದು, ಪರವಾಗಿಲ್ಲ. ಬಟ್ಟೆಯ ಹಾಗೆ ಬೆಳ್ಳಗಾಗಲಿ ಅಂತ ನಾನು ಮೂರು ಮೂರು ಸಲ ತೊಳೆಯುತ್ತಿದ್ದೆ. ಅದರಿಂದ ಲಾಭ ಏನೂ ಇಲ್ಲ, ಹತ್ತಿ ಸವೆಯಿತು ಅಷ್ಟೇ.

ಒಣ ಸಿಂಥೆಟಿಕ್ ಫಿಲ್ಟರಿಗೂ ದಿಕ್ಕು ಇದೇ. ಕ್ಲೀನರ್ ಮಾತ್ರ ಒಣ ಫಿಲ್ಟರಿನದ್ದೇ ಆಗಿರಲಿ. ಫೋಮನ್ನು ಸೋಪು ನೀರಲ್ಲಿ ಅದ್ದಿ ಅದುಮಿ ಅದುಮಿ ತೊಳೆಯಬೇಕು, ಹಿಂಡಿ ತಿರುಚಬಾರದು, ಹರಿಯುತ್ತದೆ. ಒಣಗಿದ ಮೇಲೆ ಫೋಮಿಗೆ ಅದರದ್ದೇ ಅಂಟು ಎಣ್ಣೆ.

ಒಣಗಿಸುವ ವಿಷಯದಲ್ಲಿ ನನ್ನ ಮಾತು ಒಂದೇ: ಬಿಟ್ಟುಬಿಡಿ. ನೀರು ಕೊಡವಿ, ನೆರಳಲ್ಲಿ, ಗಾಳಿಯಾಡುವ ಕಡೆ, ಬಾಯಿ ಕೆಳಗೆ ಮಾಡಿ ಎರಡು ಕಡ್ಡಿಗಳ ಮೇಲೆ ಇಡಿ. ಕೆಳಗಿನಿಂದಲೂ ಗಾಳಿ ಹೋಗಬೇಕು. ಕಂಪ್ರೆಸರ್ ಗಾಳಿ ಹೊಡೆದರೆ ಹತ್ತಿಯ ಪದರದಲ್ಲಿ ತೂತು ಬೀಳುತ್ತದೆ. ಹೇರ್ ಡ್ರೈಯರಿನ ಬಿಸಿಗೆ ಹತ್ತಿ ಕುಗ್ಗುತ್ತದೆ. ಒಂದು ಸಲ ಸರ್ವೀಸಿಗೆ ಬಿಟ್ಟಿದ್ದಾಗ, ನನಗೆ ಹೇಳದೆಯೇ ಫಿಲ್ಟರಿಗೆ ಕಂಪ್ರೆಸರ್ ಗಾಳಿ ಹೊಡೆದು ಕೊಟ್ಟಿದ್ದರು. ಮನೆಗೆ ಬಂದು ನೋಡಿದರೆ ಎರಡು ನೆರಿಗೆಗಳ ನಡುವೆ ಜಾಲರಿ ಉಬ್ಬಿ, ಹತ್ತಿ ಸರಿದು, ಒಳಗಿನ ಬೆಳಕು ಕಾಣುತ್ತಿತ್ತು. ಅಂದಿನಿಂದ ಗಾಡಿಯನ್ನು ಸರ್ವೀಸಿಗೆ ಕೊಡುವಾಗ ಫಿಲ್ಟರ್ ಮುಟ್ಟಬೇಡಿ ಅಂತ ಚೀಟಿ ಬರೆದು ಅಂಟಿಸಿಯೇ ಕೊಡುತ್ತೇನೆ.

ಪೂರ್ತಿ ಒಣಗಿದ ಮೇಲೆ, ಎಣ್ಣೆ ಹಾಕುವ ಮುಂಚೆ, ಕತ್ತಲ ಕೋಣೆಯಲ್ಲಿ ಒಳಗೆ ಟಾರ್ಚ್ ಇಟ್ಟು ನೋಡಿ. ಹತ್ತಿಯ ಮೂಲಕ ಬೆಳಕು ಸ್ವಲ್ಪ ಬಂದೇ ಬರುತ್ತದೆ, ಅದು ತಪ್ಪಲ್ಲ. ಎಲ್ಲ ಕಡೆ ಒಂದೇ ಸಮ ಮಂದವಾಗಿರಬೇಕು. ಒಂದೇ ಒಂದು ಜಾಗ ಎದ್ದು ಹೊಳೆದರೆ ಅಲ್ಲಿ ತೂತಿದೆ. ಫಿಲ್ಟರ್ ಬದಲಾಯಿಸಿ.

ಎಣ್ಣೆ

ಹೋದ ಸಲ ನಾನು ಎಣ್ಣೆ ಹಾಕುವಾಗ ಅಕ್ಕನ ಮಗಳು ಪಕ್ಕದಲ್ಲೇ ಕೂತಿದ್ದಳು. ಏಳನೇ ಕ್ಲಾಸು.

"ಮಾವ, ಎಣ್ಣೆ ಹಾಕಿದ್ರೆ ಧೂಳು ಇನ್ನೂ ಜಾಸ್ತಿ ಅಂಟ್ಕೊಳ್ಳಲ್ವಾ?" ಅಂದಳು.

"ಅಂಟ್ಕೊಳ್ಳಲಿ ಅಂತಾನೇ ಹಾಕೋದು ಪುಟ್ಟಿ. ಇಲ್ಲಿ ಅಂಟ್ಕೊಂಡ್ರೆ ಒಳಗೆ ಹೋಗಲ್ಲ."

ಹತ್ತಿಯ ಫಿಲ್ಟರಿನ ಗುಟ್ಟೆಲ್ಲ ಇಷ್ಟೇ. ಕಾಗದದ ಫಿಲ್ಟರಿನ ತೂತುಗಳು ಸಣ್ಣವು, ಧೂಳು ತೂರಲಾರದು. ಹತ್ತಿಯ ನೇಯ್ಗೆಯ ಕಣ್ಣು ದೊಡ್ಡದು. ಗಾಳಿ ಸಲೀಸಾಗಿ ಹೋಗಲಿ ಅಂತಲೇ ಹಾಗೆ ಮಾಡಿರುತ್ತಾರೆ. ಧೂಳನ್ನು ಹಿಡಿಯುವ ಕೆಲಸ ಎಳೆಗೆ ಸವರಿದ ಅಂಟು ಎಣ್ಣೆಯದ್ದು. ಅದಕ್ಕೇ ಎಂಜಿನ್ ಆಯಿಲ್, ಗೇರ್ ಆಯಿಲ್, ತುಕ್ಕು ಬಿಡಿಸುವ ಸ್ಪ್ರೇ ಯಾವುದೂ ಇಲ್ಲಿ ಬರುವುದಿಲ್ಲ. ಅವು ಒಂದು ಕಡೆ ನಿಲ್ಲದೆ ಕೆಳಗೆ ಹರಿದು ಬರುತ್ತವೆ. ಫಿಲ್ಟರಿನ ಎಣ್ಣೆ ಎಳೆಯಿಂದ ಎಳೆಗೆ ತಾನೇ ಹಬ್ಬಿಕೊಂಡು ಅಲ್ಲೇ ನಿಲ್ಲುತ್ತದೆ.

ಹೊರಮೈಗೆ ಮಾತ್ರ ಹಾಕಿ, ಒಳಮೈಗೆ ಬೇಡ. ಸ್ಪ್ರೇ ಡಬ್ಬಿಯಾದರೆ 7-8 ಸೆಂಟಿಮೀಟರ್ ದೂರದಿಂದ, ಪ್ರತಿ ನೆರಿಗೆಯ ಮೇಲೆ ಒಂದೇ ಒಂದು ಸಲ ಎಳೆಯಿರಿ. ಹಿಂಡುವ ಬಾಟಲಿಯಾದರೆ ನೆರಿಗೆಯುದ್ದಕ್ಕೂ ತೆಳುವಾದ ಒಂದು ಗೆರೆ. ಹಾಕಿದ ಕೂಡಲೇ ನೋಡಿದರೆ ಅಲ್ಲಲ್ಲಿ ಬಿಳಿ ಉಳಿದಿರುತ್ತದೆ. ಇಲ್ಲೇ ಎಲ್ಲರೂ ಎಡವುವುದು. ಬಿಳಿ ಕಂಡಿತು ಅಂತ ಮತ್ತೆ ಹಾಕುತ್ತಾರೆ. ನಿಲ್ಲಿಸಿ, 20 ನಿಮಿಷ ಎದ್ದು ಹೋಗಿ. ವಾಪಸ್ ಬಂದು ನೋಡಿದರೆ ಎಣ್ಣೆ ನಿಧಾನವಾಗಿ ಹಬ್ಬಿ, ಮುಕ್ಕಾಲು ಪಾಲು ಬಿಳಿ ತಾನಾಗಿಯೇ ಮಾಯವಾಗಿರುತ್ತದೆ. ಪುಟ್ಟಿ ಕೂತಲ್ಲೇ ಕೂತು ಅದನ್ನು ನೋಡಿದಳು. ಒಂದು ಬಿಳಿ ಚುಕ್ಕೆಯ ಅಂಚು ಮೊದಲು ನಸುಗೆಂಪಾಗಿ, ಆಮೇಲೆ ಚುಕ್ಕೆ ಚಿಕ್ಕದಾಗುತ್ತಾ ಆಗುತ್ತಾ, ಕಡೆಗೆ ಒಂದು ಸಾಸಿವೆಯಷ್ಟು ಉಳಿದು ಅದೂ ಮುಚ್ಚಿಹೋಯಿತು. 20 ನಿಮಿಷ ಆದ ಮೇಲೂ ಉಳಿದ ಬಿಳಿಗೆ ಮಾತ್ರ ಒಂದೊಂದು ಹನಿ ಮುಟ್ಟಿಸಿ.

ಆಮೇಲೆ ಫಿಲ್ಟರನ್ನು ಟಿಶ್ಯೂ ಕಾಗದದ ಮೇಲೆ ನಿಲ್ಲಿಸಿ ರಾತ್ರಿಯೆಲ್ಲ ಬಿಡಿ. ಬೆಳಗ್ಗೆ ಕಾಗದದ ಮೇಲೆ ಎಣ್ಣೆಯ ಮಡು ನಿಂತಿದ್ದರೆ ಜಾಸ್ತಿಯಾಗಿದೆ. ಇನ್ನೊಂದು ಟಿಶ್ಯೂ ಒತ್ತಿ ತೆಗೆಯಿರಿ. ಒಳಮೈ ಮುಟ್ಟಿದರೆ ಬೆರಳು ಒದ್ದೆಯಾಗಬಾರದು.

ಎಣ್ಣೆ ಜಾಸ್ತಿಯಾದರೆ ಏನಾಗುತ್ತದೆ ಅಂತ ನಾನು ಅನುಭವಿಸಿಯೇ ತಿಳಿದೆ. ಒಂದು ಸಲ ಎಣ್ಣೆ ಹಾಕಿದ ಗಂಟೆಯೊಳಗೇ ಫಿಲ್ಟರ್ ಕೂರಿಸಿ ಹೊರಟಿದ್ದೆ. ಮೂರನೇ ದಿನ ಚೆಕ್ ಎಂಜಿನ್ ಲೈಟ್ ಬಂತು. ಸಿಗ್ನಲ್‌ನಲ್ಲಿ ನಿಂತರೆ ಐಡಲ್ ಏರಿಳಿತ, ಹೊರಡುವಾಗ ಗಾಡಿ ತಡವರಿಸುತ್ತಿತ್ತು. ಸ್ಕ್ಯಾನರ್ ಹಾಕಿದರೆ ಪಿ0171, ಅಂದರೆ ಎಂಜಿನ್ನಿಗೆ ಪೆಟ್ರೋಲ್ ಸಾಲದೆ ಗಾಳಿ ಜಾಸ್ತಿಯಾಗಿದೆ ಅನ್ನುವ ಕೋಡ್. ಪೈಪಿನಲ್ಲಿ ಕೂತಿರುವ ಎಂಎಎಫ್ ಸೆನ್ಸರಿಗೆ, ಅಂದರೆ ಒಳಗೆ ಹೋಗುವ ಗಾಳಿಯ ಪ್ರಮಾಣ ಅಳೆಯುವ ಸೆನ್ಸರಿಗೆ, ಎಣ್ಣೆ ಹತ್ತಿತ್ತು. ಆ ಸೆನ್ಸರಿನಲ್ಲಿ ಕೂದಲಿನಂಥ ಒಂದು ತಂತಿಯನ್ನು ಸದಾ ಬಿಸಿಯಾಗಿಟ್ಟಿರುತ್ತಾರೆ. ಗಾಳಿ ಅದನ್ನು ತಣಿಸುತ್ತದೆ. ಅದೇ ಬಿಸಿ ಉಳಿಸಿಕೊಳ್ಳಲು ಎಷ್ಟು ಕರೆಂಟ್ ಬೇಕಾಯಿತು ಅನ್ನುವುದರ ಮೇಲೆ ಕಂಪ್ಯೂಟರ್ ಗಾಳಿಯ ಲೆಕ್ಕ ಹಾಕುತ್ತದೆ. ತಂತಿಗೆ ಎಣ್ಣೆ, ಎಣ್ಣೆಗೆ ಧೂಳು ಅಂಟಿದರೆ ಹೊದಿಕೆ ಹೊದ್ದ ಹಾಗಾಗಿ ಅದು ತಣಿಯುವುದೇ ಇಲ್ಲ. ಗಾಳಿ ಕಮ್ಮಿ ಬಂತು ಅಂತ ಸೆನ್ಸರ್ ಹೇಳುತ್ತದೆ, ಕಂಪ್ಯೂಟರ್ ಪೆಟ್ರೋಲ್ ಕಮ್ಮಿ ಮಾಡುತ್ತದೆ.

ಇದಕ್ಕೆ ಮದ್ದು ಸುಲಭ. ಬ್ಯಾಟರಿಯ ನೆಗೆಟಿವ್ ಕಳಚಿ, ಸೆನ್ಸರಿನ ಕನೆಕ್ಟರ್ ಲಾಕ್ ಒತ್ತಿ ಬಿಡಿಸಿ. ವೈರ್ ಹಿಡಿದು ಎಳೆಯಬೇಡಿ. ಎರಡು ಸ್ಕ್ರೂ ತೆಗೆದರೆ ಸೆನ್ಸರ್ ಕೈಗೆ ಬರುತ್ತದೆ. ಎಂಎಎಫ್ ಕ್ಲೀನರ್ ಅಂತಲೇ ಸಿಗುವ ಸ್ಪ್ರೇಯನ್ನು ತಂತಿಗೆ ನಾಲ್ಕೈದು ಸಲ ಹೊಡೆಯಿರಿ. ಬೆರಳು, ಹತ್ತಿ, ಬ್ರಷ್ ಯಾವುದನ್ನೂ ತಂತಿಗೆ ತಾಗಿಸಬೇಡಿ, ಮುಟ್ಟಿದರೆ ಮುರಿಯುತ್ತದೆ. ಕಾರ್ಬ್ಯುರೇಟರ್ ಕ್ಲೀನರ್ ಇಲ್ಲಿಗಲ್ಲ. ಪೂರ್ತಿ ಆರಿದ ಮೇಲೆ, ಗಾಳಿಯ ದಿಕ್ಕಿನ ಬಾಣ ನೋಡಿಕೊಂಡು ವಾಪಸ್ ಕೂರಿಸಿ. ನನ್ನ ಗಾಡಿ ಅವತ್ತೇ ಸರಿಹೋಯಿತು. ಕೆಲವು ಗಾಡಿಗಳಲ್ಲಿ ಈ ಸೆನ್ಸರ್ ಇರುವುದಿಲ್ಲ, ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡ ಅಳೆದೇ ಲೆಕ್ಕ ಹಾಕುತ್ತವೆ. ಅಂಥ ಗಾಡಿಯಲ್ಲಿ ಈ ತೊಂದರೆ ಇಲ್ಲ.

ಮತ್ತೆ ಕೂರಿಸುವುದು

ರಬ್ಬರ್ ಕತ್ತಿಗೆ ಮಡಿಕೆ ಬೀಳುವುದು ಇಲ್ಲೇ, ಅದಕ್ಕೇ ನಿಧಾನ. ಪೈಪಿನ ಹೊರಮೈಯನ್ನೂ ರಬ್ಬರ್ ಕತ್ತಿನ ಒಳಮೈಯನ್ನೂ ಒಣ ಬಟ್ಟೆಯಿಂದ ಒರೆಸಿ. ಎಣ್ಣೆ ಜಿಡ್ಡು ಇದ್ದರೆ ಕತ್ತು ಮುಂದೆ ಜಾರುತ್ತದೆ. ಸಲೀಸಾಗಿ ಹೋಗಲಿ ಅಂತ ಗ್ರೀಸ್ ಸವರುವವರಿದ್ದಾರೆ, ಬೇಡ. ರಬ್ಬರನ್ನು ನೇರವಾಗಿ ಹಿಡಿದು, ಸ್ವಲ್ಪ ತಿರುಗಿಸುತ್ತಾ, ಒಳಗೆ ತಡೆಯುವ ತನಕ ತಳ್ಳಿ. ಪೂರ್ತಿ ಕೂತ ಮೇಲೆ ಅಂಚಿನ ಸುತ್ತ ಬೆರಳಾಡಿಸಿ ಬನ್ನಿ, ಕಣ್ಣಿಗೆ ಕಾಣದ ಹಿಂಭಾಗದಲ್ಲೂ. ಎಲ್ಲ ಕಡೆ ಒಂದೇ ಸಮ ಅನಿಸಬೇಕು. ಕ್ಲಾಂಪ್ ಕತ್ತಿನ ನಡುವೆ ಬರಲಿ, ಅಂಚಿಗಲ್ಲ. ಸ್ಕ್ರೂ ಮುಂದಿನ ಸಲ ಕೈಗೆ ಸಿಗುವ ಕಡೆ ತಿರುಗಿರಲಿ. ಎರಡು ಕೈಯಲ್ಲಿ ಫಿಲ್ಟರ್ ಹಿಡಿದು ತಿರುಗಿಸಿದರೆ ತಿರುಗದಷ್ಟು ಬಿಗಿ ಸಾಕು. ಕ್ಲಾಂಪಿನ ಎರಡು ಬದಿಗೂ ರಬ್ಬರ್ ಉಬ್ಬಿ ಬಂದರೆ ಜಾಸ್ತಿ ಬಿಗಿದಿದ್ದೀರಿ. ಅದೇ ಮುಂದೆ ಬಿರುಕಾಗುತ್ತದೆ.

ಫಿಲ್ಟರಿಗೂ ಬಾಡಿಗೂ ನಡುವೆ ಕನಿಷ್ಠ ಎರಡು ಬೆರಳು ಸಂದಿ ಬಿಡಿ. ಎಂಜಿನ್ ನಡುಗಿದಾಗ ತಾಗಿ ತಾಗಿ ಜಾಲರಿ ತೂತಾಗುತ್ತದೆ. ಪೈಪಿಗೆ ಬರುವ ಬ್ರೀದರ್ ಹೋಸ್ ಕೂಡ ಒತ್ತಿ ನೋಡಿ. ಎಂಎಎಫ್ ಸೆನ್ಸರಿಗೂ ಎಂಜಿನ್ನಿಗೂ ನಡುವೆ ಎಲ್ಲಿ ಗಾಳಿ ಸೋರಿದರೂ ಆ ಗಾಳಿಯ ಲೆಕ್ಕ ಕಂಪ್ಯೂಟರಿಗೆ ಸಿಗುವುದಿಲ್ಲ. ಸ್ಟಾರ್ಟ್ ಮಾಡಿ ಎರಡು ನಿಮಿಷ ಪಕ್ಕದಲ್ಲಿ ನಿಂತು ಕೇಳಿ. ಹಾವು ಬುಸುಗುಟ್ಟಿದ ಹಾಗೆ ಸದ್ದು ಬಂದರೆ ಎಲ್ಲೋ ಜಾಯಿಂಟ್ ಬಿಟ್ಟಿದೆ.

ಹೊಸದು ಹಾಕುವುದಾದರೆ

ಹಳೆಯದನ್ನು ಕೈಯಲ್ಲಿ ಹಿಡಿದು ಅಳತೆ ತೆಗೆಯಿರಿ. ಮುಖ್ಯವಾದದ್ದು ಪೈಪಿನ ಹೊರ ವ್ಯಾಸ, ಅದಕ್ಕೆ ತಕ್ಕ ಕತ್ತಿನ ಒಳ ವ್ಯಾಸ. ಸಾಮಾನ್ಯವಾಗಿ 63, 76, 89, 102 ಮಿಲಿಮೀಟರ್ ಅಳತೆಗಳಲ್ಲಿ ಬರುತ್ತವೆ, ಅಂದರೆ ಎರಡೂವರೆಯಿಂದ ನಾಲ್ಕು ಇಂಚಿನ ತನಕ ಅರ್ಧರ್ಧ ಇಂಚಿನ ಲೆಕ್ಕ. 76ರ ಪೈಪಿಗೆ 89ರ ಕತ್ತು ತಂದು ಕ್ಲಾಂಪ್ ಬಿಗಿದು ಸರಿಮಾಡುತ್ತೇನೆ ಅಂದರೆ ಆಗುವುದಿಲ್ಲ, ಮಡಿಕೆ ಬಿದ್ದೇ ಬೀಳುತ್ತದೆ. ಆಮೇಲೆ ಉದ್ದ, ಬುಡದ ಅಗಲ. ಜಾಗ ಇರುವಷ್ಟು ದೊಡ್ಡದು ತನ್ನಿ. ದೊಡ್ಡ ಫಿಲ್ಟರಿನಲ್ಲಿ ನೆರಿಗೆ ಜಾಸ್ತಿ, ಕಟ್ಟಲು ಜಾಸ್ತಿ ದಿನ ಬೇಕು.

ಯಾವುದು ಕೊಳ್ಳಬೇಕು ಅಂದರೆ, ಐಎಸ್‌ಒ 5011 ಅನ್ನುವ ಪರೀಕ್ಷೆಯ ಅಂಕಿ ಕೊಡುವವರ ಫಿಲ್ಟರ್ ಕೊಳ್ಳಿ ಅನ್ನುತ್ತೇನೆ. ಅಳತೆ ಮಾಡಿದ ಧೂಳನ್ನು ಹಾಯಿಸಿ, ಎಷ್ಟು ತಡೆಯಿತು, ಎಷ್ಟು ಹಿಡಿದಿಟ್ಟುಕೊಂಡಿತು, ಗಾಳಿಗೆ ಎಷ್ಟು ಅಡ್ಡಿಯಾಯಿತು ಅಂತ ನೋಡುವ ಪರೀಕ್ಷೆ ಅದು. ಗಾಳಿ ಇಷ್ಟು ಜಾಸ್ತಿ, ಪವರ್ ಇಷ್ಟು ಜಾಸ್ತಿ ಅಂತ ಮಾತ್ರ ಡಬ್ಬದ ಮೇಲೆ ಬರೆದು, ಧೂಳಿನ ಬಗ್ಗೆ ಚಕಾರ ಎತ್ತದ ಫಿಲ್ಟರನ್ನು ನಾನು ಈಗ ಮುಟ್ಟುವುದಿಲ್ಲ. ಧೂಳು ಜಾಸ್ತಿ ಇರುವ ಕಡೆ ಓಡಿಸುವವರಿಗೆ, ಎಣ್ಣೆಯ ತಲೆನೋವು ಬೇಡ ಅನ್ನುವವರಿಗೆ ಒಣ ಸಿಂಥೆಟಿಕ್ ಒಳ್ಳೆಯದು. ನಾನೂ ಮಡಿಕೆ ಬಿದ್ದ ಹಳೆಯದನ್ನು ಎಸೆದಾಗ ಒಣದ್ದಕ್ಕೆ ಹೋಗೋಣ ಅಂದುಕೊಂಡಿದ್ದೆ. ಹತ್ತಿಯದ್ದೇ ತಂದೆ. ಎಣ್ಣೆ ಹಾಕುವ ಆ ಕೆಲಸ ನನಗೆ ಇಷ್ಟ.

ನಿಮ್ಮ ಗಾಡಿಗೆ ಹಾಕಿಸಿದ ಪೈಪಿನಲ್ಲಿ ಫಿಲ್ಟರ್ ಬಂಪರಿನ ಹಿಂದೆ, ಚಕ್ರದ ಹತ್ತಿರ ಕೆಳಗೆ ಕೂತಿದ್ದರೆ ನೀರಿನ ಬಗ್ಗೆ ಎಚ್ಚರ ಇರಲಿ. ಕೆಳಗೆ ತಣ್ಣನೆಯ ಗಾಳಿ ಸಿಗುತ್ತದೆ, ನಿಜ. ಆದರೆ ನಿಂತ ನೀರಿನಲ್ಲಿ ಗಾಡಿ ಇಳಿಸಿ ಫಿಲ್ಟರ್ ಮುಳುಗಿದರೆ ಎಂಜಿನ್ ನೀರನ್ನೇ ಎಳೆದುಕೊಳ್ಳುತ್ತದೆ. ನೀರನ್ನು ಪಿಸ್ಟನ್ ಒತ್ತಲಾರದು, ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಫಿಲ್ಟರಿಗೆ ಹೊದಿಸುವ ನೀರು ತಡೆಯುವ ಚೀಲ ಸಿಗುತ್ತದೆ, ಅದು ಎರಚುವ ನೀರಿಗೆ ಮಾತ್ರ. ಮುಳುಗಿದರೆ ಉಳಿಸುವುದಿಲ್ಲ.

ಹೊಸದಿರಲಿ ತೊಳೆದದ್ದಿರಲಿ, ಕೂರಿಸಿದ ದಿನ ನಾನು ಒಂದು ತುಂಡು ಬಿಳಿ ಟೇಪಿನ ಮೇಲೆ ತಾರೀಕು, ಕಿಲೋಮೀಟರ್ ಬರೆದು ಪೈಪಿಗೆ ಅಂಟಿಸುತ್ತೇನೆ. 500 ಕಿಲೋಮೀಟರ್ ಓಡಿದ ಮೇಲೆ ಒಂದು ಸಲ ಕ್ಲಾಂಪ್ ಸಡಿಲಿಸಿ, ಫಿಲ್ಟರ್ ತೆಗೆದು, ಅದೇ ಬಿಳಿ ಬಟ್ಟೆ ಆಡಿಸುತ್ತೇನೆ. ಹೋದ ತಿಂಗಳು ಬಟ್ಟೆ ಬೆಳ್ಳಗೇ ಬಂತು. ಟೇಪಿನ ಮೇಲೆ ತಾರೀಕಿನ ಪಕ್ಕ ಒಂದು ಟಿಕ್ ಹಾಕಿ ಬಾನೆಟ್ ಮುಚ್ಚಿದೆ.